ಹದಿನಾರಕ್ಕೇ ಕಾಲೇಜು: ಸರ್ಕಾರ ಇನ್ನಷ್ಟು ದುಡ್ಡು ಹಾಕಬೇಕೇ?

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಹೈಸ್ಕೂಲಿನ 11 ಮತ್ತು 12ನೇ ತರಗತಿಯ ಮಕ್ಕಳು ‘ರನ್ನಿಂಗ್ ಸ್ಟಾರ್ಟ್’ ಯೋಜನೆಯಲ್ಲಿ ಟ್ಯೂಷನ್ ಫೀಸ್ ಕಟ್ಟದೆ ಕಾಲೇಜಿಗೆ ಹೋಗಿ ಓದಬಹುದು. ಇಂಥ ಯೋಜನೆಗಳಿಗೆ ರಾಜ್ಯ ಇನ್ನೂ ಜಾಸ್ತಿ ದುಡ್ಡು ಕೊಡಬೇಕೇ? ಅಲ್ಲೇ ನೆಲೆಸಿರುವ ಇಬ್ಬರು ಕನ್ನಡಿಗ ಪೋಷಕರನ್ನು ಕೇಳಿದೆವು.

ಪರ: ಕೊಡಲಿ, ಪುಸ್ತಕದ ಖರ್ಚನ್ನೂ ಸೇರಿಸಿ
(ರಿಚ್‌ಲ್ಯಾಂಡ್‌ನ ಒಬ್ಬ ತಂದೆ)

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮೇಲೆ ನಾವೆಲ್ಲ ಪಿಯು ಕಾಲೇಜಿನ ಅರ್ಜಿ ಹಿಡಿದು ಸಾಲಿನಲ್ಲಿ ನಿಂತವರೇ. ಆಗ ನಮಗೆ ಹದಿನಾರು. ಮೇಷ್ಟ್ರು ಹೋಗಿ ಲೆಕ್ಚರರ್ ಬಂದರು. ಯೂನಿಫಾರಂ ಹೋಗಿ ಬಣ್ಣದ ಅಂಗಿ ಬಂತು. ಮೊದಲ ದಿನ ಒಂದು ಪೀರಿಯಡ್ ಖಾಲಿ ಇತ್ತು. ಅಂಗಳದಲ್ಲಿ ಸುಮ್ನೆ ನಿಂತುಕೊಂಡು, ಇನ್ನು ನಾನು ದೊಡ್ಡವನಾದೆ ಅಂದುಕೊಂಡಿದ್ದು ಚೆನ್ನಾಗಿ ನೆನಪಿದೆ. ಹಾಗಾಗಿ ಇಲ್ಲಿ ಯಾರಾದರೂ “ಇಷ್ಟು ಚಿಕ್ಕ ಮಕ್ಕಳಿಗೆ ಕಾಲೇಜೇ?” ಅಂತ ಗಾಬರಿಯಾದರೆ ನನಗೆ ಆ ಗಾಬರಿ ಅರ್ಥವಾಗುವುದಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನನ್ನ ಇಬ್ಬರು ಮಕ್ಕಳೂ ರನ್ನಿಂಗ್ ಸ್ಟಾರ್ಟ್ ತೆಗೆದುಕೊಳ್ಳಲಿಲ್ಲ. ಹೈಸ್ಕೂಲಿನಲ್ಲೇ ಎಪಿ ಎಂಬ ಕಾಲೇಜು ಮಟ್ಟದ ಪಾಠ ಓದಿದರು, ಮೇ ತಿಂಗಳಲ್ಲಿ ಪರೀಕ್ಷೆ ಬರೆದರು, ಡಿಗ್ರಿಗೆ ಲೆಕ್ಕವಾಗುವ ಕ್ರೆಡಿಟ್ ಪಡೆದರು. ಮನೆಯಲ್ಲಿ ಲೆಕ್ಕ ಹೇಳಿಕೊಡಲು ನಾನಿದ್ದೆ, ಪ್ರಬಂಧ ತಿದ್ದಲು ಅವರ ಅಮ್ಮ ಇದ್ದಳು. ಆದ್ದರಿಂದ ಪರವಾಗಿ ಬರೆಯಿರಿ ಅಂತ ಕೇಳಿದಾಗ ಸ್ವಲ್ಪ ಹಿಂದೆಮುಂದೆ ನೋಡಿದೆ. ಕೊನೆಗೆ ಒಪ್ಪಿದ್ದು ಒಂದೇ ಕಾರಣಕ್ಕೆ. ಈ ದುಡ್ಡು ಬೇಕಾಗಿರುವುದು ನಮ್ಮಂಥವರ ಮನೆಗಲ್ಲ.

ನಾನಿರುವುದು ರಾಜ್ಯದ ಪೂರ್ವ ಭಾಗದಲ್ಲಿ. ಇಲ್ಲಿಂದ ಒಂದೂಕಾಲು ಗಂಟೆ ಗಾಡಿ ಓಡಿಸಿದರೆ ಯಾಕಿಮಾ ಬರುತ್ತದೆ. ದಾರಿಯುದ್ದಕ್ಕೂ ಸೇಬು, ಚೆರ್ರಿ ತೋಟ. ಬಿಯರ್‌ಗೆ ಹಾಕುವ ಹಾಪ್ಸ್ ಬಳ್ಳಿ ಅಮೆರಿಕದಲ್ಲಿ ಅತಿ ಹೆಚ್ಚು ಬೆಳೆಯುವುದೂ ಈ ಕಣಿವೆಯಲ್ಲೇ. ತೋಟದ ಕೆಲಸಕ್ಕೆ ಮೆಕ್ಸಿಕೋದಿಂದ ಬಂದು ನೆಲೆ ನಿಂತ ಕುಟುಂಬಗಳು ಇಲ್ಲಿ ತುಂಬಾ ಇವೆ. ಅಪ್ಪ ಅಮ್ಮ ಬೆಳಗಿನ ಜಾವ ಏಣಿ ಹೊತ್ತು ತೋಟಕ್ಕೆ ಹೋಗುವ ಮನೆಯಲ್ಲಿ ಪ್ರಬಂಧ ತಿದ್ದುವವರು ಯಾರು? ಆ ಮನೆಯ ಹುಡುಗಿ ಹದಿನೇಳಕ್ಕೇ ಕಾಲೇಜಿನ ಇಂಗ್ಲಿಷ್ ಪಾಸು ಮಾಡಿಬಿಟ್ಟರೆ, ಕಾಲೇಜು ಎನ್ನುವುದು ಬೇರೆ ಯಾರದೋ ಜಾಗ ಎಂಬ ಭಯ ಅವಳಿಗೆ ಹೋಗುತ್ತದೆ. ಅವಳ ತಮ್ಮನಿಗೂ ಹೋಗುತ್ತದೆ.

ಯೋಜನೆ ಹೊಸದೇನಲ್ಲ. ಮಿನ್ನೆಸೋಟಾ ರಾಜ್ಯ 1985ರಲ್ಲೇ ಇಂಥದ್ದು ಶುರು ಮಾಡಿತು. ವಾಷಿಂಗ್ಟನ್ 1990ರಲ್ಲಿ ಕಾನೂನು ಮಾಡಿತು. ಐದು ಕ್ರೆಡಿಟ್‌ನ ಒಂದು ಕಾಲೇಜು ಪಾಠ ಹೈಸ್ಕೂಲಿನ ಒಂದು ಪೂರ್ತಿ ಕ್ರೆಡಿಟ್‌ಗೆ ಸಮ. ಒಂದೇ ಪಾಠ ಎರಡೂ ಕಡೆ ಲೆಕ್ಕಕ್ಕೆ ಬರುತ್ತದೆ. ಓದಿನ ವರ್ಷಕ್ಕೆ ಮೂರು ಅವಧಿ, ಅದನ್ನು ಇಲ್ಲಿ ಕ್ವಾರ್ಟರ್ ಅನ್ನುತ್ತಾರೆ. ಕ್ವಾರ್ಟರ್‌ಗೆ 15 ಕ್ರೆಡಿಟ್‌ನಂತೆ ಎರಡು ವರ್ಷ ಓದಿದರೆ 90. ಅಷ್ಟಕ್ಕೆ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಕೈಗೆ ಬರುತ್ತದೆ, ಅದೂ ಹೈಸ್ಕೂಲ್ ಮುಗಿಸುವ ಹೊತ್ತಿಗೇ. ನಾಲ್ಕು ವರ್ಷದ ಖರ್ಚು ಎರಡು ವರ್ಷಕ್ಕೆ ಇಳಿಯುತ್ತದೆ. ಸಾಲ ಮಾಡದೆ ಓದುವ ದಾರಿ ಬಡವರಿಗೆ ಇದಕ್ಕಿಂತ ನೇರವಾಗಿ ಇನ್ನೆಲ್ಲಿದೆ?

ಕಾಲೇಜು ದೂರ ಇರುವ ಊರುಗಳ ಮಾತು ಬೇರೆ. ರಾಜ್ಯದಲ್ಲಿ 34 ಕಮ್ಯುನಿಟಿ ಮತ್ತು ಟೆಕ್ನಿಕಲ್ ಕಾಲೇಜುಗಳಿವೆ, ಆದರೆ ಎಲ್ಲ ಊರಿಗೂ ಹತ್ತಿರ ಇಲ್ಲ. ಅಲ್ಲಿಗೆ ‘ಕಾಲೇಜ್ ಇನ್ ದ ಹೈಸ್ಕೂಲ್’ ಇದೆ. ಹೈಸ್ಕೂಲಿನ ಮೇಷ್ಟ್ರೇ ತಮ್ಮ ತರಗತಿಯಲ್ಲಿ ಕಾಲೇಜಿನ ಪಾಠ ಮಾಡುತ್ತಾರೆ. ಮೊದಲು ಇದಕ್ಕೆ ಕ್ರೆಡಿಟ್‌ಗೆ ಇಷ್ಟು ಅಂತ ಮನೆಯವರು ಕಟ್ಟಬೇಕಿತ್ತು. 2023ರ ಕಾನೂನು ಸರ್ಕಾರಿ ಕಾಲೇಜುಗಳ ಮಟ್ಟಿಗೆ ಆ ಫೀಸನ್ನೇ ತೆಗೆದುಹಾಕಿತು. ಬಾಗಿಲು ತೆರೆಯುವುದು ಅಂದರೆ ಇದು.

ಇನ್ನೂ ಬಾಕಿ ಇರುವುದು ಪುಸ್ತಕ, ಲ್ಯಾಬ್ ಫೀಸ್, ಓಡಾಟ. ರನ್ನಿಂಗ್ ಸ್ಟಾರ್ಟ್ ಮಕ್ಕಳು ಇವನ್ನು ಕೈಯಿಂದ ಹಾಕಬೇಕು. ತೀರಾ ಬಡವರಿಗೆ ಫೀಸ್ ಮನ್ನಾ ಇದೆ. 18 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ 2022ರಿಂದ ಹೆಚ್ಚಿನ ಕಡೆ ಬಸ್ಸೂ ಉಚಿತ. ಆದರೆ ಬಸ್ಸೇ ಬರದ ಊರಿಗೆ ಉಚಿತ ಬಸ್ಸಿನಿಂದ ಏನು ಪ್ರಯೋಜನ? ಒಂದು ಸೈನ್ಸ್ ಪುಸ್ತಕಕ್ಕೆ ನೂರು ಡಾಲರ್ ದಾಟಿದರೆ ತೋಟದ ಕೂಲಿಯವರು ಏನು ಮಾಡಬೇಕು? ಟ್ಯೂಷನ್ ಕೊಟ್ಟು ಪುಸ್ತಕ ಕೊಡದಿರುವುದು ಅನ್ನ ಬಡಿಸಿ ಸಾರು ಬಡಿಸದ ಹಾಗೆ. ಅದಕ್ಕೇ ಇನ್ನಷ್ಟು ದುಡ್ಡು ಬೇಕು ಅನ್ನುತ್ತೇನೆ.

ಮಕ್ಕಳು ಫೇಲಾಗುತ್ತಾರೆ ಅಂತ ಕೆಲವರು ಹೇಳುತ್ತಾರೆ. ನಮ್ಮ ಪಿಯು ಕ್ಲಾಸಿನಲ್ಲಿ ಯಾರೂ ಫೇಲಾಗಲಿಲ್ಲವೇ? ಬಿದ್ದವರು ಎದ್ದರು, ಮುಂದೆ ಹೋದರು.

ನನಗೆ ಪೂರ್ತಿ ಸಮಾಧಾನ ಇಲ್ಲದ ಒಂದು ಮಾತಿದೆ. ಮಗು ಕಾಲೇಜಿಗೆ ಹೋದರೆ ಆ ಮಗುವಿನ ಪಾಲಿನ ದುಡ್ಡೂ ಕಾಲೇಜಿಗೆ ಹೋಗುತ್ತದೆ. ಶಾಲೆಯ ಕಡೆ ಉಳಿಯುವುದು 7%. ಹಾಜರಿ, ದಾಖಲೆ, ಕೌನ್ಸೆಲರ್ ಕೆಲಸ ಮಾತ್ರ ಅಲ್ಲೇ ಇರುತ್ತದೆ. ಇದು ಸರಿ ಅನ್ನಿಸುವುದಿಲ್ಲ. ಒಬ್ಬರ ತಟ್ಟೆಯಿಂದ ತೆಗೆದು ಇನ್ನೊಬ್ಬರಿಗೆ ಹಾಕುವ ಬದಲು ಸರ್ಕಾರ ಹೊಸದಾಗಿ ಕೊಡಲಿ.

ವಿರೋಧ: ಅಂಕಪಟ್ಟಿ ಬೆನ್ನು ಬಿಡುವುದಿಲ್ಲ
(ಸಿಯಾಟಲ್ ಹತ್ತಿರದ ಒಬ್ಬ ತಾಯಿ)

ಡಿಸೆಂಬರ್‌ನ ಒಂದು ರಾತ್ರಿ ನನ್ನ ಮಗ ಅಡುಗೆಮನೆಗೆ ಬಂದು ನಿಂತ. ನಾನು ಮರುದಿನದ ದೋಸೆಗೆ ರುಬ್ಬುತ್ತಿದ್ದೆ. “ಅಮ್ಮಾ, ಇಂಗ್ಲಿಷ್‌ನಲ್ಲಿ ಎಫ್ ಬಂದಿದೆ, ಫೇಲ್” ಅಂದ. ನನಗೆ ಸರಿಯಾಗಿ ಕೇಳಿಸಲಿಲ್ಲ ಅಂದುಕೊಂಡು ಗ್ರೈಂಡರ್ ಆಫ್ ಮಾಡಿದೆ. ಅವನು ಇನ್ನೊಮ್ಮೆ ಹೇಳಿದ. ಆಮೇಲೆ ಅಳತೊಡಗಿದ. ಆರಡಿ ಎತ್ತರದ ಹುಡುಗ.

ಅವನಿಗೆ ಆಗ ಹದಿನಾರು. 11ನೇ ತರಗತಿಗೆ ಬಂದ ಕೂಡಲೇ ರನ್ನಿಂಗ್ ಸ್ಟಾರ್ಟ್ ಸೇರಿದ್ದ. ಅವನ ಗೆಳೆಯರು ಸೇರಿದರು, ಇವನೂ ಸೇರಿದ. ನಾವೂ ಖುಷಿಯಿಂದಲೇ ಸಹಿ ಹಾಕಿದೆವು. ಟ್ಯೂಷನ್ ಇಲ್ಲ, ಮನೆಗೆ ಹತ್ತಿರ, ಡಿಗ್ರಿ ಬೇಗ ಮುಗಿಯುತ್ತದೆ. ಇನ್ನೇನು ಬೇಕು ಅಂದುಕೊಂಡೆವು. ಇಂಗ್ಲಿಷ್ ಪಾಠದ ಬಗ್ಗೆ ಅಂತೂ ಯೋಚಿಸಲೇ ಇಲ್ಲ. ಇಲ್ಲೇ ಹುಟ್ಟಿದವನು, ಇಂಗ್ಲಿಷ್ ತಾನೇ, ಅಲ್ವಾ?

ಕ್ವಾರ್ಟರ್ ಅಂದರೆ ಹನ್ನೊಂದು ವಾರ. ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಕ್ಲಾಸಿನಲ್ಲಿ ಇವನ ಪಕ್ಕ ಕೂತಿದ್ದವರು ಮೂವತ್ತು ನಲವತ್ತು ವರ್ಷದವರು. ಒಬ್ಬರು ನರ್ಸಿಂಗ್ ಓದಲು ಬಂದವರು, ಒಬ್ಬರು ಸೇನೆಯಿಂದ ವಾಪಸ್ ಬಂದವರು. ತಮ್ಮ ಬದುಕಿನ ಬಗ್ಗೆ ಪ್ರಬಂಧ ಬರೆಯಿರಿ ಅಂದರೆ ಅವರಿಗೆ ಬರೆಯಲು ಬದುಕಿತ್ತು. ಇವನಿಗೆ ಏನು ಬರೆಯಬೇಕೋ ತಿಳಿಯಲಿಲ್ಲ. ಕೇಳಲು ನಾಚಿಕೆ. ಮೊದಲ ಪ್ರಬಂಧ ತಡವಾಯಿತು. ಎರಡನೆಯದು ಕೊಡಲೇ ಇಲ್ಲ. ಆಮೇಲೆ ಕ್ಲಾಸಿಗೆ ಹೋಗುವುದನ್ನೇ ಬಿಟ್ಟು ಲೈಬ್ರರಿಯಲ್ಲಿ ಕೂರುತ್ತಿದ್ದನಂತೆ. ಕಾಲೇಜಿಗೆ ಹೋಗಿದ್ದಾನೆ ಅಂತ ನಾನು ಡಬ್ಬಿ ಕಟ್ಟಿ ಕಳಿಸುತ್ತಿದ್ದೆ.

ಪಾಠ ಬಿಡಲು ಒಂದು ಕೊನೇ ದಿನಾಂಕ ಇರುತ್ತದೆ. ಅಷ್ಟರೊಳಗೆ ಬಿಟ್ಟಿದ್ದರೆ ಎಫ್ ಬರುತ್ತಿರಲಿಲ್ಲ. ಆ ದಿನ ಬಂದು ಹೋಗಿದ್ದು ಇವನಿಗೆ ಗೊತ್ತಾಗಲೇ ಇಲ್ಲ.

ಹೈಸ್ಕೂಲಿನಲ್ಲಿ ಇದ್ದಾಗ ಒಂದು ಹೋಂವರ್ಕ್ ಬಾಕಿ ಇದ್ದರೂ ನನ್ನ ಫೋನಿಗೆ ಸಂದೇಶ ಬರುತ್ತಿತ್ತು. ಕಾಲೇಜಿನಿಂದ ಒಂದು ಸಾಲೂ ಬರಲಿಲ್ಲ. ಮರುದಿನ ಕಾಲೇಜಿಗೆ ಫೋನ್ ಮಾಡಿದೆ. ಫೋನ್ ಎತ್ತಿದಾಕೆ ಬಹಳ ಮರ್ಯಾದೆಯಿಂದಲೇ ಮಾತಾಡಿದರು. ಆದರೆ “ನಿಮ್ಮ ಮಗನ ಲಿಖಿತ ಒಪ್ಪಿಗೆ ಇಲ್ಲದೆ ಏನೂ ಹೇಳುವಂತಿಲ್ಲ” ಅಂದರು. 1974ರ ಫರ್ಪಾ ಎಂಬ ಫೆಡರಲ್ ಕಾನೂನು ಇದೆ. ಅದರ ಪ್ರಕಾರ ಕಾಲೇಜಿಗೆ ಸೇರಿದ ವಿದ್ಯಾರ್ಥಿಯ ವಯಸ್ಸು ಎಷ್ಟೇ ಇರಲಿ, ಕಾಲೇಜಿನ ದಾಖಲೆಯ ಹಕ್ಕು ವಿದ್ಯಾರ್ಥಿಯದೇ. ಹದಿನಾರಾದರೂ ಅಷ್ಟೇ. ಹೈಸ್ಕೂಲಿನ ಕೌನ್ಸೆಲರ್‌ಗೆ ಫೋನ್ ಮಾಡಿದೆ. ಅದು ಕಾಲೇಜಿನ ವಿಷಯ ಅಂದರು. ಎರಡು ಕಟ್ಟಡಗಳ ನಡುವೆ ನನ್ನ ಮಗ ಎರಡು ತಿಂಗಳು ಕಳೆದುಹೋಗಿದ್ದ, ಅವನನ್ನು ಹುಡುಕುವುದು ಯಾರ ಕೆಲಸವೂ ಆಗಿರಲಿಲ್ಲ.

ಹೈಸ್ಕೂಲ್ ಮುಗಿಸಲು ಇಂಗ್ಲಿಷ್ ಕ್ರೆಡಿಟ್ ಬೇಕೇ ಬೇಕು. ಅವನು ಬೇಸಿಗೆಯಲ್ಲಿ ಮತ್ತೆ ಓದಿ ಅದನ್ನು ತುಂಬಿಕೊಂಡ. ಆದರೆ ಎಫ್ ಹೋಗಲಿಲ್ಲ. ಅದು ಕಾಲೇಜಿನ ಅಂಕಪಟ್ಟಿ. ಯೂನಿವರ್ಸಿಟಿಗೆ ಅರ್ಜಿ ಹಾಕುವಾಗ ಅದನ್ನೂ ಕಳಿಸಬೇಕು. ಮುಂದೆ ಫೆಡರಲ್ ಹಣದ ನೆರವು ಕೇಳಿದರೆ ಅಲ್ಲೂ ಆ ಪಾಠ ಲೆಕ್ಕಕ್ಕೆ ಬರಬಹುದು. ಸಹಿ ಹಾಕುವ ದಿನ ಇದನ್ನು ಯಾರೂ ನಮಗೆ ಕೂರಿಸಿ ಹೇಳಲಿಲ್ಲ. ಎಷ್ಟು ದುಡ್ಡು ಉಳಿಯುತ್ತದೆ ಅಂತ ಮಾತ್ರ ಹೇಳಿದರು.

ನಮ್ಮವರ ಮುಂದೆ ಈ ಮಾತು ತೆಗೆದರೆ ತಕ್ಷಣ ಪಿಯುಸಿ ಎತ್ತುತ್ತಾರೆ. ನಾವೂ ಹದಿನಾರಕ್ಕೇ ಕಾಲೇಜಿಗೆ ಹೋಗಲಿಲ್ಲವಾ ಅಂತ. ಹೋದೆವು. ಆದರೆ ಆ ಕ್ಲಾಸಿನಲ್ಲಿ ಎಲ್ಲರಿಗೂ ಹದಿನಾರೇ. ಹಾಜರಿ ಕಡಿಮೆಯಾದರೆ ಅಪ್ಪನನ್ನು ಕರೆಸುತ್ತಿದ್ದರು. ನನ್ನ ಅಣ್ಣ ಪಿಯುಸಿಯಲ್ಲಿ ಕೆಮಿಸ್ಟ್ರಿಯಲ್ಲಿ ಫೇಲಾದ. ಮನೆಯಲ್ಲಿ ಒಂದು ವಾರ ಸೂತಕದ ಹಾಗಿತ್ತು. ಸಪ್ಲಿಮೆಂಟರಿಗೆ ಕಟ್ಟಿದ, ಪಾಸಾದ, ಡಿಗ್ರಿ ಸೇರಿದ. ಇವತ್ತು ಬ್ಯಾಂಕಿನಲ್ಲಿದ್ದಾನೆ. ಅವನ ಕೆಮಿಸ್ಟ್ರಿ ಬಗ್ಗೆ ಆಮೇಲೆ ಒಬ್ಬರೂ ಕೇಳಲಿಲ್ಲ. ಪಿಯುಸಿ ಮಕ್ಕಳಿಗೆಂದೇ ಕಟ್ಟಿದ ಮೆಟ್ಟಿಲು. ಇಲ್ಲಿಯದು ದೊಡ್ಡವರ ಮೆಟ್ಟಿಲು, ಅದಕ್ಕೆ ಮಕ್ಕಳನ್ನು ಹತ್ತಿಸುತ್ತಿದ್ದೇವೆ.

ಪರವಾಗಿ ಮಾತಾಡುವವರದು ಒಂದೇ ಲೆಕ್ಕ. ಎರಡು ವರ್ಷ ಉಳಿಯಿತು, ಇಷ್ಟು ಸಾವಿರ ಡಾಲರ್ ಉಳಿಯಿತು. ಮಗುವೇನು ಎಫ್‌ಡಿಯಾ, ಬೇಗ ಮೆಚ್ಯೂರ್ ಆಗಲಿ ಅನ್ನುವುದಕ್ಕೆ? ಬಡವರಿಗಾಗಿ ಈ ಯೋಜನೆ ಅಂತಲೂ ಹೇಳುತ್ತಾರೆ. ನನ್ನ ಮಗನ ಜೊತೆ ಸೇರಿದವರೆಲ್ಲ ನಮ್ಮ ಹಾಗೆ ಕಂಪ್ಯೂಟರ್ ಕೆಲಸದವರ ಮಕ್ಕಳೇ ಆಗಿದ್ದರು. ದೇವಸ್ಥಾನದಲ್ಲಿ, ರಾಜ್ಯೋತ್ಸವದಲ್ಲಿ ಸಿಕ್ಕಾಗ ತಾಯಂದಿರ ಮಾತು ಅದೇ. ನಿಮ್ಮವನು ಎಷ್ಟು ಕ್ರೆಡಿಟ್ ಮುಗಿಸಿದ? ನಮ್ಮವಳದು ಎಪ್ಪತ್ತಾಯಿತು. ಆ ಮಾತುಗಳಲ್ಲಿ ನಾನೂ ಇದ್ದೆ. ಮಗನ ಮೇಲೆ ಆ ಭಾರ ಹೊರಿಸಿದವರಲ್ಲಿ ನಾನೂ ಒಬ್ಬಳು. ಈಗ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ನಷ್ಟ ಇದೆ, ಅದು ಕಾಣಿಸುವುದು ನಿಧಾನವಾಗಿ. ಚೆನ್ನಾಗಿ ಓದುವ ಮಕ್ಕಳು ಒಬ್ಬೊಬ್ಬರೇ ಕಾಲೇಜಿಗೆ ಹೋದರೆ ಹೈಸ್ಕೂಲಿನಲ್ಲಿ ಉಳಿಯುವುದು ಯಾರು? ನನ್ನ ಮಗಳ ಶಾಲೆಯಲ್ಲಿ ಈ ವರ್ಷ ಎಪಿ ಫಿಸಿಕ್ಸ್ ನಡೆಯಲಿಲ್ಲ. ಸಾಕಷ್ಟು ಮಕ್ಕಳಿಲ್ಲ ಅಂದರು. ಆರ್ಕೆಸ್ಟ್ರಾದಲ್ಲಿ ದೊಡ್ಡ ತರಗತಿಯವರೇ ಇಲ್ಲ, ಚಿಕ್ಕವರಿಗೆ ನೋಡಿ ಕಲಿಯಲು ಯಾರೂ ಇಲ್ಲ. ಮಕ್ಕಳ ಹಿಂದೆಯೇ ದುಡ್ಡೂ ಹೋಗುತ್ತದೆ. ಹೋಗದೆ ಉಳಿದ ಮಗುವಿಗೆ ಸಿಗುವುದು ಇನ್ನೂ ಸೊರಗಿದ ಶಾಲೆ.

ದುಡ್ಡು ಇದ್ದರೆ ರಾಜಧಾನಿ ಒಲಿಂಪಿಯಾದಲ್ಲಿ ಕೂತಿರುವ ಶಾಸಕರು ಅದನ್ನು ಹೈಸ್ಕೂಲಿಗೇ ಕೊಡಲಿ. ಫಿಸಿಕ್ಸ್ ಮೇಷ್ಟ್ರಿಗೆ ಕೊಡಲಿ, ಇನ್ನೊಬ್ಬ ಕೌನ್ಸೆಲರ್‌ಗೆ ಕೊಡಲಿ. ಕಾಲೇಜಿನ ಪಾಠ ಬೇಕೇ ಬೇಕು ಅಂದರೆ ಹೈಸ್ಕೂಲಿನೊಳಗೇ, ಮಗುವಿನ ಹೆಸರು ಗೊತ್ತಿರುವ ಮೇಷ್ಟ್ರೇ ಮಾಡಲಿ. ಆ ಅಂಕವೂ ಕಾಲೇಜಿನ ಪಟ್ಟಿಗೇ ಸೇರುತ್ತದೆ, ಗೊತ್ತು. ಆದರೆ ಎರಡು ಪ್ರಬಂಧ ಬಾಕಿ ಉಳಿದರೆ ಆ ಮೇಷ್ಟ್ರು ಮನೆಗೆ ಫೋನ್ ಮಾಡುತ್ತಾರೆ. ನನಗೆ ಬೇಕಾಗಿದ್ದು ಆ ಒಂದು ಫೋನ್.

ಮಗಳು ಈಗ 10ನೇ ತರಗತಿ. ರನ್ನಿಂಗ್ ಸ್ಟಾರ್ಟ್ ಫಾರಂ ತಂದಿದ್ದಾಳೆ, ಫ್ರಿಜ್ ಮೇಲೆ ಅಂಟಿಸಿದ್ದಾಳೆ. ಪೋಷಕರ ಸಹಿಗೆ ಅದರಲ್ಲಿ ಜಾಗ ಇದೆ. “ಅಮ್ಮಾ, ನಾನು ಅಣ್ಣನ ಹಾಗಲ್ಲ” ಅನ್ನುತ್ತಾಳೆ, ಅಣ್ಣ ಅಲ್ಲೇ ಕೂತು ಊಟ ಮಾಡುತ್ತಿರುತ್ತಾನೆ. ಎರಡು ವಾರವಾಯಿತು. ನಾನಿನ್ನೂ ಸಹಿ ಹಾಕಿಲ್ಲ.