ಕ್ಯಾಮೆರಾಕ್ಕಿಂತ ಮೊದಲು ಹೊಲಿಗೆ ನೋಡಿ

ಸಿನಿಮಾ, ಕಾಮಿಕ್ಸ್, ಗೇಮ್‌ಗಳ ಪಾತ್ರದ ಹಾಗೆ ವೇಷ ತೊಡುವುದಕ್ಕೆ ಕಾಸ್‌ಪ್ಲೇ ಅನ್ನುತ್ತಾರೆ. ಅದರ ಫೋಟೋ ತೆಗೆಯುವುದೇ ನನ್ನ ಕಸುಬು. ಹೊಸದಾಗಿ ಈ ಕೆಲಸಕ್ಕೆ ಇಳಿಯುವವರು ನನ್ನ ಹತ್ತಿರ ಮೊದಲು ವಿಚಾರಿಸುವುದು ಕ್ಯಾಮೆರಾ ಯಾವುದು, ಲೆನ್ಸ್ ಯಾವುದು ಅಂತ. ಎದುರಿಗೆ ನಿಂತಿರುವ ಉಡುಪನ್ನು ಯಾರು ಮಾಡಿದರು, ಹೇಗೆ ಮಾಡಿದರು ಅಂತ ಮೊದಲು ಕೇಳಿ ಅನ್ನುತ್ತೇನೆ ನಾನು. ನಮ್ಮ ಮುಂದೆ ಬಂದು ನಿಲ್ಲುವವರು ಬರೀ ಮಾಡೆಲ್ ಅಲ್ಲ. ರಾತ್ರಿ ನಿದ್ದೆ ಬಿಟ್ಟು ಕತ್ತರಿಸಿ, ಅಂಟಿಸಿ, ಹೊಲಿದು, ಬಣ್ಣ ಹಚ್ಚಿದವರು. ಅವರ ಕೈಕೆಲಸ ಫೋಟೋದಲ್ಲಿ ಕಾಣದಿದ್ದರೆ ನಾವು ದುಡ್ಡು ತೆಗೆದುಕೊಳ್ಳುವುದು ಯಾವುದಕ್ಕೆ?

1939ರಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ವಿಶ್ವ ಸೈನ್ಸ್ ಫಿಕ್ಷನ್ ಸಮ್ಮೇಳನ ನಡೆಯಿತು. ಫಾರೆಸ್ಟ್ ಆಕರ್‌ಮನ್ ಮತ್ತು ಮಿರ್ಟಲ್ ಡಗ್ಲಸ್ ಅನ್ನುವ ಇಬ್ಬರು ಅಭಿಮಾನಿಗಳು ಅಲ್ಲಿಗೆ ಮುಂದಿನ ಕಾಲದವರ ಹಾಗೆ ವೇಷ ತೊಟ್ಟು ಹೋಗಿದ್ದರು. ಇಬ್ಬರ ಉಡುಪನ್ನೂ ಮಾಡಿದ್ದು ಮಿರ್ಟಲ್. ಆದರೆ ಕಾಸ್‌ಪ್ಲೇ ಶುರುವಾದ ಬಗೆ ಅಂತ ಈ ಕಥೆ ಹೇಳುವಾಗ ಎಷ್ಟೋ ಸಲ ಮೊದಲು ಬರುವುದು ಆಕರ್‌ಮನ್ ಹೆಸರು. ನನಗೆ ಇದು ತುಂಬ ನೋವಿನ ವಿಷಯ. ಅದಕ್ಕೇ ನಾನು ಹಾಕುವ ಪ್ರತಿ ಫೋಟೋದ ಕೆಳಗೆ ಮೊದಲ ಸಾಲು ಉಡುಪು ಮಾಡಿದವರದ್ದು. ವಿಗ್ ಸಿದ್ಧ ಮಾಡಿದವರು, ಮೇಕಪ್ ಮಾಡಿದವರು ಬೇರೆ ಇದ್ದರೆ ಅವರದ್ದೂ. ಆಮೇಲೆ ನನ್ನದು.

ಕೈಕೆಲಸ ಗೊತ್ತಿದ್ದರೆ ಲೈಟಿಂಗ್ ತಾನಾಗಿ ಸರಿಹೋಗುತ್ತದೆ. ಯುದ್ಧದ ಕವಚ ನೋಡಿ. ಹೆಚ್ಚಿನವು ಇವಿಎ ಫೋಮ್ ಅನ್ನುವ ಹಗುರವಾದ, ಮೆತ್ತನೆಯ ಹಾಳೆಯಲ್ಲಿ ಮಾಡಿದವು. ಹಾಳೆ ಕತ್ತರಿಸಿ, ಬಿಸಿಗಾಳಿಯಲ್ಲಿ ಬಗ್ಗಿಸಿ, ಲೋಹದ ಹಾಗೆ ಕಾಣಲಿ ಅಂತ ಪದರ ಪದರವಾಗಿ ಬಣ್ಣ ಹಚ್ಚಿರುತ್ತಾರೆ. ಎದುರಿನಿಂದ ನೇರ ಫ್ಲ್ಯಾಶ್ ಹೊಡೆದರೆ ಅದೆಲ್ಲ ಚಪ್ಪಟೆಯಾಗಿ, ಸುಮ್ನೆ ಫೋಮ್ ಅಂತ ಗೊತ್ತಾಗಿಬಿಡುತ್ತದೆ. ಅದೇ ಬೆಳಕು ಪಕ್ಕದಿಂದ ಬಂದರೆ ಅಂಚುಗಳು ಏಳುತ್ತವೆ, ಗೀರುಗಳು ಕಾಣುತ್ತವೆ, ಫೋಮ್‌ಗೆ ಲೋಹದ ತೂಕ ಬರುತ್ತದೆ. ಕತ್ತಿಯಲ್ಲೋ ಎದೆಕವಚದಲ್ಲೋ ಎಲ್‌ಇಡಿ ಇದೆ ಅನ್ನಿ. ಕ್ಯಾಮೆರಾದ ಶಟರ್ ಸೆಕೆಂಡಿನ 1/200 ಭಾಗ ಮಾತ್ರ ತೆರೆಯುವ ಹಾಗೆ ಇಟ್ಟು ಫ್ಲ್ಯಾಶ್ ಜೋರಾಗಿ ಹೊಡೆದರೆ, ಪಾಪ, ಅವರು ಕೂತು ಬೆಸುಗೆ ಹಾಕಿದ ಆ ಬೆಳಕು ಸತ್ತೇ ಹೋಗುತ್ತದೆ. ಕೋಣೆ ಮಬ್ಬು ಮಾಡಿ, ಫ್ಲ್ಯಾಶ್ ತಗ್ಗಿಸಿ, ಶಟರ್ 1/60ರ ಆಸುಪಾಸಿಗೆ ಇಳಿಸಿದರೆ ಅದು ಹೊಳೆಯುತ್ತದೆ. ಆಗ ಎಡಿಟಿಂಗ್‌ನಲ್ಲಿ ಹೊಳಪು ಬರೆಯುವ ಕೆಲಸವೂ ಕಡಿಮೆ.

ಶೂಟ್‌ಗೆ ಮೊದಲು ನಾನು ಇನ್ನೂ ಕೆಲವು ಕೇಳುತ್ತೇನೆ. ಈ ಉಡುಪಿನಲ್ಲಿ ಕೂರಲು ಆಗುತ್ತಾ? ಕೈ ಎಷ್ಟು ಎತ್ತಬಹುದು? ಕಾಂಟ್ಯಾಕ್ಟ್ ಲೆನ್ಸ್ ಹಾಕಿದ ಕಣ್ಣು ಎಷ್ಟು ಹೊತ್ತು ತಡೆಯುತ್ತದೆ? ಕವಚದ ಒಳಗೆ ಮೈ ಬೇಯುತ್ತಿರುತ್ತದೆ. ನಡುನಡುವೆ ನೀರು, ವಿಶ್ರಾಂತಿ ಕೊಡಲೇಬೇಕು.

ಎಡಿಟಿಂಗ್ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹಟಮಾರಿ. ಕೇಳದೆ ಯಾರ ಸೊಂಟವನ್ನೂ ಸಣ್ಣ ಮಾಡುವುದಿಲ್ಲ. ಯಾರ ಚರ್ಮವನ್ನೂ ಬಿಳಿ ಮಾಡುವುದಿಲ್ಲ. ಪಾತ್ರ ಬೆಳ್ಳಗಿದೆ, ವೇಷ ತೊಟ್ಟವರು ಕಪ್ಪಗಿದ್ದಾರೆ ಅನ್ನುವುದು ತಿದ್ದಬೇಕಾದ ದೋಷವೇ ಅಲ್ಲ. ಹಾಗೆ ತಿದ್ದಿದ ಫೋಟೋ ಕೈಗೆ ಬಂದಾಗ ಅವರಿಗೆ ಏನನ್ನಿಸಬೇಡ? ನಿನ್ನ ಕೆಲಸ ಚೆನ್ನಾಗಿದೆ, ನೀನು ಮಾತ್ರ ಸರಿ ಇಲ್ಲ ಅಂತ ಹೇಳಿದ ಹಾಗಲ್ವಾ? ಹೊಲಿಗೆ ಗೆರೆ ಅಳಿಸುವುದಕ್ಕೂ ಕೇಳುತ್ತೇನೆ. ಸ್ಪರ್ಧೆಗೆ ಕಳಿಸುವವರಿಗೆ ಆ ಗೆರೆ ಕಾಣಲೇಬೇಕಿರಬಹುದು.

2014ರಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್ ಅನ್ನುವ ಕಾಮಿಕ್ಸ್ ಅಭಿಮಾನಿಗಳ ಮೇಳದವರು 'ಕಾಸ್‌ಪ್ಲೇ ಅಂದರೆ ಒಪ್ಪಿಗೆ ಅಲ್ಲ' ಅನ್ನುವ ಅರ್ಥದ ಫಲಕ ಹಾಕಿದ್ದರು. ಫೋಟೋ ತೆಗೆಯುವವರಿಗೆ ಇದು ಎಲ್ಲರಿಗಿಂತ ಜಾಸ್ತಿ ಅನ್ವಯಿಸುತ್ತದೆ. ವಿಗ್ ಸರಿಮಾಡಬೇಕಾದರೂ ಕೇಳಿಯೇ ಮುಟ್ಟಬೇಕು. ಚಿಕ್ಕ ವಯಸ್ಸಿನವರಾದರೆ ಹಿರಿಯರೊಬ್ಬರು ಶೂಟ್ ಮುಗಿಯುವ ತನಕ ಜೊತೆಗಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಇನ್ನು ದುಡ್ಡಿನ ಮಾತು. ಸಂಕೋಚ ಬೇಡ, ಮೊದಲೇ ಬರೆದುಕೊಳ್ಳಿ. ಅಡ್ವಾನ್ಸ್ ಎಷ್ಟು, ಎಡಿಟ್ ಮಾಡಿದ ಫೋಟೋ ಎಷ್ಟು, ಯಾವಾಗ ಕೊಡುತ್ತೀರಿ, ಶೂಟ್ ರದ್ದಾದರೆ ಏನು. ಬೆಂಕಿ, ಮಿಂಚು ಸೇರಿಸುವ ಕೆಲಸಕ್ಕೆ ಬೇರೆ ದರ ಹೇಳಿ, ಯಾಕಂದರೆ ಕ್ಲಿಕ್ ಮಾಡುವುದಕ್ಕಿಂತ ಕಂಪ್ಯೂಟರ್ ಮುಂದೆ ಕೂರುವ ಹೊತ್ತೇ ಜಾಸ್ತಿ. 'ಟ್ಯಾಗ್ ಮಾಡುತ್ತೇವೆ, ಫ್ರೀ ತೆಗೆದುಕೊಡಿ' ಅನ್ನುವವರಿಗೆ ನಾನು ಒಲ್ಲೆ ಅನ್ನುತ್ತೇನೆ. ಇಬ್ಬರೂ ಕಲಿಯಲಿಕ್ಕೆ, ಇಬ್ಬರಿಗೂ ಫೋಟೋ ಬೇಕು ಅಂತ ಮಾತಾಡಿಕೊಂಡು ಮಾಡಿದರೆ ಅದು ಬೇರೆ. ಅದನ್ನು ಖುಷಿಯಿಂದ ಮಾಡಿದ್ದೇನೆ, ಈಗಲೂ ಮಾಡುತ್ತೇನೆ.

ಹಕ್ಕಿನ ವಿಷಯ ಮಾತ್ರ ನಿಜಕ್ಕೂ ಸಿಕ್ಕು. ಪಾತ್ರದ ಹಕ್ಕು ಸಾಮಾನ್ಯವಾಗಿ ಅದನ್ನು ಹುಟ್ಟುಹಾಕಿದ ಕಂಪನಿಯ ಕೈಯಲ್ಲಿ ಇರುತ್ತದೆ, ಫೋಟೋ ಯಾರದ್ದು ಅನ್ನುವುದಕ್ಕೆ ಒಂದೊಂದು ದೇಶದಲ್ಲಿ ಒಂದೊಂದು ಕಾನೂನು. ಅದಕ್ಕೆ ನಾನು ಶೂಟ್ ಮಾಡುವ ಕೆಲಸಕ್ಕೆ ಮಾತ್ರ ದುಡ್ಡು ತೆಗೆದುಕೊಳ್ಳುತ್ತೇನೆ, ಪ್ರಿಂಟ್ ಮಾರುವುದಿಲ್ಲ. ಫೋಟೋವನ್ನು ಬೇರೆ ಯಾರಾದರೂ ಕೇಳಿದರೆ ವೇಷ ತೊಟ್ಟವರು ಹೂಂ ಅನ್ನುವ ತನಕ ಕಳಿಸುವುದಿಲ್ಲ. ನಾನು ಬಳಸುವ ಒಪ್ಪಂದ ಒಂದೇ ಪುಟದ್ದು, ಸಾದಾ ಕನ್ನಡದಲ್ಲಿದೆ. ಬೇಕಾದವರು ಮೆಸೇಜ್ ಮಾಡಿ, ಕಳಿಸುತ್ತೇನೆ.