ಸೈಲೆನ್ಸರ್ ಒಂದನ್ನೇ ನೋಡಿದರೆ ಸಾಕೇ?

ಪೆಟ್ರೋಲಿಗೆ ಬದಲಿ ಇಂಧನಗಳ ಬಗ್ಗೆ ಕಂತುಗಳಲ್ಲಿ ಬರುತ್ತಿರುವ ಲೇಖನ ಓದಿದೆ. ಹೈಡ್ರೋಜನ್ ಕಾರಿನಿಂದ ಬರುವುದು ಬರೀ ನೀರಿನ ಆವಿ, ಆದ್ದರಿಂದ ಅದೇ ಎಲ್ಲಕ್ಕಿಂತ ಶುದ್ಧ ಎಂದು ಅದರ ಲೇಖಕರು ಬರೆದಿದ್ದಾರೆ. ಕಾರಿನ ಹಿಂದೆ ನಿಂತು ನೋಡಿದರೆ ಸರಿ. ಆದರೆ ಆ ಹೈಡ್ರೋಜನ್ ಬಂದದ್ದು ಎಲ್ಲಿಂದ? ಇವತ್ತು ಜಗತ್ತಿನಲ್ಲಿ ಅದರ ಬಹುಪಾಲು ತಯಾರಾಗುವುದು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ. ಅನಿಲದಿಂದ 1 ಕಿಲೋ ಹೈಡ್ರೋಜನ್ ತೆಗೆದರೆ ಸುಮಾರು 9-10 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಹೊಗೆ ಜಾಗ ಬದಲಿಸಿತು, ಅಷ್ಟೇ ಅಲ್ವಾ?

ನೀರನ್ನು ಒಡೆದು ತೆಗೆಯಬಹುದು ಅಂತೀರಾ? ತೆಗೆಯಬಹುದು. ಆದರೆ ಕಿಲೋಗೆ 50 ಯೂನಿಟ್‌ಗಿಂತ ಜಾಸ್ತಿ ಕರೆಂಟ್ ಬೇಕು. ಅಷ್ಟರಲ್ಲಿ ಕಾರು ಓಡುವುದು ಸುಮಾರು 100 ಕಿಲೋಮೀಟರ್. ಅದೇ ಕರೆಂಟನ್ನು ನೇರವಾಗಿ ಬ್ಯಾಟರಿಗೆ ತುಂಬಿದರೆ ಸಾಧಾರಣ ಎಲೆಕ್ಟ್ರಿಕ್ ಕಾರು 250-300 ಕಿಲೋಮೀಟರ್ ಹೋಗುತ್ತದೆ. ಹಡಗು, ಉಕ್ಕಿನ ಕಾರ್ಖಾನೆಗಳ ಲೆಕ್ಕ ಬೇರೆ ಇರಬಹುದು. ಕಾರಿಗೆ ಮಾತ್ರ ಇದು ಸುಮ್ನೆ ಸುತ್ತು ದಾರಿ.

ಇನ್ನು ಬೆಳೆಗಳಿಂದ ಬಟ್ಟಿ ಇಳಿಸುವ ಇಂಧನ, ಎಥೆನಾಲ್. ಅದನ್ನು ಉರಿಸಿದಾಗ ಗಿಡ ಹೀರಿಕೊಂಡ ಇಂಗಾಲವೇ ವಾಪಸ್ ಬರುತ್ತದೆ, ಹಾಗಾಗಿ ಲೆಕ್ಕ ಸರಿಹೋಯಿತು ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಟ್ರ್ಯಾಕ್ಟರಿನ ಡೀಸೆಲ್, ಬಟ್ಟಿ ಇಳಿಸಲು ಬೇಕಾದ ಶಾಖ, ನೀರು ಯಾರ ಖಾತೆಗೆ? ಗೊಬ್ಬರ ಹಾಕಿದ ಮಣ್ಣಿನಿಂದ ಏಳುವ ನೈಟ್ರಸ್ ಆಕ್ಸೈಡ್ ಅಂತೂ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಹೆಚ್ಚು ಬಿಸಿ ಏರಿಸುತ್ತದೆ. ಸಾಲದ್ದಕ್ಕೆ ಲೀಟರ್ ಎಥೆನಾಲ್‌ನಲ್ಲಿ ಇರುವುದು ಪೆಟ್ರೋಲಿನ ಮೂರನೇ ಎರಡರಷ್ಟು ಶಕ್ತಿ.

ಹಾಗಂತ ನಾನು ಪೆಟ್ರೋಲಿನ ವಕೀಲನಲ್ಲ. ಬ್ಯಾಟರಿಗೆ ಬೇಕಾದ ಲಿಥಿಯಂ, ನಿಕ್ಕಲ್ ಗಣಿಗಳ ಲೆಕ್ಕವನ್ನೂ ಲೇಖಕರು ಮುಂದಿನ ಕಂತಿನಲ್ಲಿ ಬಿಡಿಸಿ ಬರೆಯಲಿ.