ಬೋರ್ಡು ಕಾಣಲ್ಲ, ದಂಡ ತಪ್ಪಲ್ಲ

ಹೋದ ತಿಂಗಳು ಮೊಬೈಲಿಗೆ ಒಂದು ಮೆಸೇಜ್ ಬಂತು. ಹೆದ್ದಾರಿಯಲ್ಲಿ ನಾನು 78 ಕಿ.ಮೀ. ವೇಗದಲ್ಲಿ ಹೋಗಿದ್ದೇನಂತೆ, ಅಲ್ಲಿ ಮಿತಿ 60 ಅಂತೆ, 1000 ರೂಪಾಯಿ ಕಟ್ಟಬೇಕಂತೆ. ಜೊತೆಗೆ ಫೋಟೋ ಬೇರೆ. ಎಂಥ ಫೋಟೋ ಅಂತೀರಿ! ನಂಬರ್ ಪ್ಲೇಟಿನ ಒಂದೊಂದು ಅಕ್ಷರವೂ ಸ್ಪಷ್ಟ, ಬಂಪರ್ ಮೇಲಿನ ಗೀರುಗಳನ್ನೂ ಎಣಿಸಬಹುದು. ನನ್ನ ಮದುವೆ ಆಲ್ಬಮ್ಮಿನಲ್ಲೂ ನಾನು ಇಷ್ಟು ಚೆನ್ನಾಗಿ ಬಂದಿಲ್ಲ.

ಸರಿ, ಆ 60ರ ಬೋರ್ಡು ಎಲ್ಲಿದೆ ನೋಡೇಬಿಡೋಣ ಅಂತ ಭಾನುವಾರ ಹೊರಟೆ.

ಮೊದಲನೇ ಬೋರ್ಡು ಹೊಂಗೆ ಮರದೊಳಗೆ ಸಂಸಾರ ಹೂಡಿತ್ತು. ಎಲೆಗಳ ಸಂದಿಯಲ್ಲಿ ಕೆಂಪು ಅಂಚು ಮಾತ್ರ ಇಣುಕುತ್ತಿತ್ತು. ಎರಡನೆಯದರ ಮುಖಕ್ಕೆ ಸ್ಥಳೀಯ ನಾಯಕರೊಬ್ಬರ ಹುಟ್ಟುಹಬ್ಬದ ಫ್ಲೆಕ್ಸ್. ಹುಟ್ಟುಹಬ್ಬ ಮುಗಿದು ಎರಡು ತಿಂಗಳಾಗಿದೆ, ಅವರು ಇನ್ನೂ ಕೈ ಮುಗಿದುಕೊಂಡೇ ನಿಂತಿದ್ದಾರೆ. ಮೂರನೆಯದು ಪಾಪ ಚೆನ್ನಾಗಿಯೇ ಇತ್ತು. ಅದು 40ರ ಬೋರ್ಡು, ಆದರೆ 4ರ ಮೇಲೆ ಯಾರೋ ಬೋರ್‌ವೆಲ್ ಪಾಯಿಂಟ್ ನೋಡುವವರ ಸ್ಟಿಕ್ಕರ್ ಅಂಟಿಸಿದ್ದರಿಂದ ಉಳಿದದ್ದು ಸೊನ್ನೆ. ನಾನು ಕಾನೂನಿಗೆ ಹೆದರುವ ಮನುಷ್ಯ, ಗಾಡಿ ನಿಲ್ಲಿಸಿಬಿಟ್ಟೆ. ಹಿಂದಿನ ಟೆಂಪೋದವನು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮುಂದೆ 30ರ ಬೋರ್ಡು. ಯಾವ ಕಾಲದಲ್ಲೋ ಮೋರಿ ಕೆಲಸ ನಡೆಯುವಾಗ ನೆಟ್ಟದ್ದು. ಮೋರಿ ಮುಗಿದಿದೆ, ಅದರ ಮೇಲೆ ಎಳನೀರಿನ ಅಂಗಡಿಯೂ ಬಂದಿದೆ, ಬೋರ್ಡಿನ ಕಂಬಕ್ಕೆ ಟಾರ್ಪಾಲಿನ ಹಗ್ಗ ಕಟ್ಟಿದ್ದಾರೆ. ಮಿತಿ ಇಲ್ಲಿಗೆ ಮುಗಿಯಿತು ಅಂತ ಹೇಳುವ ಬೋರ್ಡು ಮಾತ್ರ ಎಲ್ಲೂ ಇಲ್ಲ. ಆ ಲೆಕ್ಕದಲ್ಲಿ ನಾನು 30ರಲ್ಲೇ ಬೀದರ್ ತಲುಪಬೇಕು.

ಎಳನೀರಿನವನನ್ನೇ ಕೇಳಿದೆ. "ಅಣ್ಣಾ, ಇಲ್ಲಿ 60 ಅಂತ ಬೋರ್ಡು ಎಲ್ಲಾದ್ರೂ ನೋಡಿದ್ದೀಯಾ?"

"ಅರವತ್ತು ಯಾಕೆ ಸಾರ್, ನಿಮಗೆ ಐವತ್ತೈದಕ್ಕೇ ಕೊಡ್ತೀನಿ ಬನ್ನಿ."

ಬೋರ್ಡು ಸಿಗದಿದ್ದರೆ ಕಾನೂನನ್ನೇ ಓದೋಣ ಅಲ್ವಾ? ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಅಧಿಸೂಚನೆ ಪ್ರಕಾರ ಕಾರಿಗೆ ಎಕ್ಸ್‌ಪ್ರೆಸ್ ವೇನಲ್ಲಿ 120, ಡಿವೈಡರ್ ಇರುವ ನಾಲ್ಕು ಲೇನಿನ ರಸ್ತೆಯಲ್ಲಿ 100, ಪುರಸಭೆ ವ್ಯಾಪ್ತಿಯಲ್ಲಿ 70. ಇದಕ್ಕಿಂತ ಕಡಿಮೆ ಮಾಡುವ ಅಧಿಕಾರ ರಾಜ್ಯಕ್ಕಿದೆ, ಆದರೆ ಕಡಿಮೆ ಮಾಡಿದರೆ ಬೋರ್ಡು ಹಾಕಬೇಕು ಅಂತ ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ನೇ ಹೇಳುತ್ತದೆ. ಹಾಕಿದ್ದಾರೆ, ಇಲ್ಲ ಅನ್ನಲ್ಲ. ಹೊಂಗೆ ಮರಕ್ಕೆ ಕಾಣುವ ಹಾಗೆ ಹಾಕಿದ್ದಾರೆ.

ಇನ್ನು ಇದು ಯಾವ ಜಾತಿಯ ರಸ್ತೆ ಅಂತ ನಾವೇ ಕಂಡುಹಿಡಿಯಬೇಕು. ನಾಲ್ಕು ಲೇನು ಅಂತ ಎಣಿಸೋಣ ಅಂದರೆ ಬಿಳಿ ಗೆರೆ ಅಳಿಸಿಹೋಗಿದೆ. ಎಡಗಡೆ ಲೇನಿನಲ್ಲಿ ಹುರುಳಿ ಒಕ್ಕಣೆ ನಡೆಯುತ್ತಿದೆ, ಅದನ್ನು ಲೇನು ಅನ್ನಬೇಕೋ ಕಣ ಅನ್ನಬೇಕೋ? ಪುರಸಭೆ ಎಲ್ಲಿ ಶುರುವಾಗುತ್ತದೆ ಅಂತ ಊರಿನವರನ್ನು ಕೇಳಿದರೆ ಒಬ್ಬರು ಸ್ವಾಗತ ಕಮಾನು ತೋರಿಸಿದರು, ಇನ್ನೊಬ್ಬರು "ಕಸದ ಗಾಡಿ ಎಲ್ಲಿಂದ ವಾಪಸ್ ಹೋಗುತ್ತೋ ಅಲ್ಲಿಗೆ ಪುರಸಭೆ ಮುಗೀತು" ಅಂದರು. ಎರಡನೆಯವರದ್ದೇ ಸರಿ ಅನ್ನಿಸಿತು.

ದೊಡ್ಡ ಹೆದ್ದಾರಿಗಳಲ್ಲಿ ಬೋರ್ಡು ಕಾಣುತ್ತದೆ, ಸತ್ಯ. ಆದರೆ ಒಂದೇ ಬೋರ್ಡಿನಲ್ಲಿ ಕಾರಿಗೊಂದು, ಬಸ್ಸಿಗೊಂದು, ಲಾರಿಗೊಂದು ನಂಬರು. 80ರಲ್ಲಿ ಹೋಗುವ ಕಾರು ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ಆ ಚಿತ್ರ ಕಾರೋ ಜೀಪೋ ಅಂತ ಯೋಚಿಸುವಷ್ಟರಲ್ಲಿ ಬೋರ್ಡು ಕನ್ನಡಿಯಲ್ಲಿರುತ್ತದೆ.

ಠಾಣೆಗೆ ಹೋಗಿ ಅಲ್ಲಿದ್ದ ಕಾನ್‌ಸ್ಟೇಬಲ್ ಹತ್ತಿರ ಇಷ್ಟೂ ಹೇಳಿಕೊಂಡೆ. ಒಳ್ಳೆಯ ಮನುಷ್ಯ, ಪೂರ್ತಿ ಕೇಳಿಸಿಕೊಂಡರು. "ಬೋರ್ಡ್ ಕಾಣ್ಲಿಲ್ಲ ಅಂದ್ರೆ ಲಿಮಿಟ್ ಇಲ್ಲ ಅಂತಲ್ಲ ಸಾರ್. ದೇವರು ಕಾಣ್ತಾನಾ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಣಿಕೆ ಹಾಕುವುದೊಂದೇ ದಾರಿ. 2023ರ ಫೆಬ್ರವರಿಯಲ್ಲಿ ಹಳೇ ದಂಡಕ್ಕೆಲ್ಲ 50% ರಿಯಾಯಿತಿ ಬಿಟ್ಟಾಗ ಜನ ಸೀರೆ ಸೇಲಿಗೆ ಬಿದ್ದ ಹಾಗೆ ಬಿದ್ದಿದ್ದರು. ಅಂಥದ್ದು ಇನ್ನೊಂದು ಬರಲಿ ಅಂತ ಕಾಯೋಣ ಅನ್ನಿಸಿತು, ಮನೆಯವಳು ಬಿಡಲಿಲ್ಲ. ಕಟ್ಟಿದೆ.

ನಿಜ ಹೇಳಬೇಕೆಂದರೆ ನಮ್ಮಲ್ಲಿ ಎಲ್ಲರಿಗೂ ಅರ್ಥವಾಗುವ ವೇಗ ಮಿತಿ ಹಂಪು ಒಂದೇ. ಅದಕ್ಕೂ ಬಣ್ಣ ಇಲ್ಲ, ಬೋರ್ಡು ಇಲ್ಲ, ಆದರೆ ತಲೆ ಟಾಪಿಗೆ ಬಡಿದ ತಕ್ಷಣ ವಿಷಯ ತಿಳಿಯುತ್ತದೆ. ನೋಟಿಸಿಗೆ ತಿಂಗಳು ಕಾಯಬೇಕಿಲ್ಲ.

ಮೊನ್ನೆ ಅದೇ ರಸ್ತೆಯಲ್ಲಿ 60ಕ್ಕೆ ಮುಳ್ಳು ನಿಲ್ಲಿಸಿಕೊಂಡು ಹೋಗುತ್ತಿದ್ದೆ. ಜಲ್ಲಿ ತುಂಬಿದ ಲಾರಿಯೊಂದು ಹಾರ್ನ್ ಹೊಡೆದು ಹೊಡೆದು ಕೊನೆಗೆ ಬುರ್ರಂತ ಮುಂದೆ ಹೋಯಿತು. ಹಿಂದುಗಡೆ ಹಳದಿ ಬಣ್ಣದಲ್ಲಿ ದಪ್ಪಗೆ, ದೂರದಿಂದಲೂ ಕಾಣುವ ಹಾಗೆ ಬರೆದಿತ್ತು: "ವೇಗ ಮಿತಿ 40 ಕಿ.ಮೀ." ಆ ರಸ್ತೆಯಲ್ಲಿ ನಾನು ನೆಟ್ಟಗೆ ಓದಿದ ಬೋರ್ಡು ಅದೊಂದೇ. ಓದಿ ಮುಗಿಸುವಷ್ಟರಲ್ಲಿ ಬೋರ್ಡು ತಿರುವು ದಾಟಿತ್ತು.